ಸವಾರ ಮೊದಲು, ಕಂಬ ಆಮೇಲೆ: ಎಳೆ ಕುದುರೆಯ ಜೊತೆ ಲಾಯದಲ್ಲಿ ಒಂದು ದಿನ

ಬೆಂಗಳೂರಿನ ಸುತ್ತಮುತ್ತ ಸವಾರಿ ಕಲಿಸುವ ಲಾಯಗಳಿಗೆ ಈಗ ಬರವಿಲ್ಲ. ದೇವನಹಳ್ಳಿ ಕಡೆ ಇವೆ, ಸರ್ಜಾಪುರ ಕಡೆ ಇವೆ, ಕನಕಪುರ ರಸ್ತೆಯಲ್ಲೂ ಇವೆ. ನಮ್ಮೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ನ ಈವೆಂಟಿಂಗ್‌ನಲ್ಲಿ (ಮೂರು ಬಗೆಯ ಸವಾರಿ ಸೇರಿದ ಸ್ಪರ್ಧೆಯಲ್ಲಿ) 23ನೇ ಸ್ಥಾನ ಪಡೆದರು. ಅದನ್ನು ಕಂಡವರಿಗೆ ಕುದುರೆ ಎಂದರೆ ಬರೀ ರೇಸ್ ಅಲ್ಲ ಎನ್ನುವುದು ಗೊತ್ತಾಯಿತು. ಆದರೂ ಲಾಯಕ್ಕೆ ಬಂದವರು ಎಳೆ ಕುದುರೆಯನ್ನು ನೋಡಿದ ಕೂಡಲೇ ಕೇಳುವುದು "ಇದು ಎಷ್ಟು ಎತ್ತರ ಹಾರುತ್ತೆ?" ಎಂದೇ. ನಿಜಕ್ಕೂ ಅದು ಕಟ್ಟಕಡೆಗೆ ಕೇಳಬೇಕಾದ ಪ್ರಶ್ನೆ. ಹಾರಿ ದಾಟಲು ಅಡ್ಡ ಇಟ್ಟ ಕಂಬದ ಮುಂದೆ ಹಟ ಹಿಡಿದು ನಿಲ್ಲುವ ಕುದುರೆಯಾಗಲಿ, ಸವಾರ ಹತ್ತುವಾಗ ಪಕ್ಕಕ್ಕೆ ಜಾರಿಕೊಳ್ಳುವ ಕುದುರೆಯಾಗಲಿ, ಬಹುಪಾಲು ಸಲ ಹಿಂದಿನ ಯಾವುದೋ ಪಾಠ ಅರ್ಧಕ್ಕೇ ನಿಂತಿದೆ ಎಂದು ಹೇಳುತ್ತಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ಹಾರುವ ಮಾತು ತಡವಾಗಿ ಬರುತ್ತದೆ.

ಇದು ಸವಾರಿ ಚೆನ್ನಾಗಿ ಬಲ್ಲ, ಆದರೆ ಎಳೆ ಕುದುರೆಯನ್ನು ಪಳಗಿಸುವ ಕೆಲಸಕ್ಕೆ ಹೊಸಬರಾದವರಿಗೆ. ಅನುಭವಿ ತರಬೇತುದಾರರೊಬ್ಬರು ಪಕ್ಕದಲ್ಲಿ ಇರಲೇಬೇಕು. ಇಲ್ಲಿರುವ ಹಂತಗಳೆಲ್ಲ ಒಂದೇ ದಿನದಲ್ಲಿ ಮುಗಿಯುವಂಥವೂ ಅಲ್ಲ. ಲಾಯದಲ್ಲಿ ಒಂದು ಬೆಳಗ್ಗೆ ಮೂರು ಕುದುರೆಗಳ ಕೆಲಸ ನಡೆದರೆ, ಒಂದು ಉದ್ದ ಹಗ್ಗದಲ್ಲಿ ಸುತ್ತುತ್ತಿರುತ್ತದೆ, ಇನ್ನೊಂದು ಮೊದಲ ಸಲ ಸವಾರನ ಭಾರ ಹೊರುತ್ತಿರುತ್ತದೆ, ಮತ್ತೊಂದು ನೆಲದ ಕಂಬ ದಾಟುತ್ತಿರುತ್ತದೆ. ನಿಮ್ಮ ಕುದುರೆ ಎಲ್ಲಿದೆಯೋ ಅಲ್ಲಿಂದ ಓದಿಕೊಳ್ಳಿ.

ವಯಸ್ಸು, ಮೈ, ಹಲ್ಲು

ಕುದುರೆ ಮೂರು ವರ್ಷಕ್ಕೇ ದೊಡ್ಡದಾಗಿ ಕಾಣುತ್ತದೆ. ಆದರೆ ಎಲುಬುಗಳ ಬೆಳವಣಿಗೆ ಒಟ್ಟಿಗೆ ಮುಗಿಯುವುದಿಲ್ಲ. ಕಾಲಿನ ಕೆಳಗಿನ ಎಲುಬುಗಳು ಬೇಗ ಗಟ್ಟಿಯಾಗುತ್ತವೆ, ಬೆನ್ನುಮೂಳೆ ಎಲ್ಲಕ್ಕಿಂತ ಕೊನೆಗೆ, ಸುಮಾರು ಐದೂವರೆ ವರ್ಷದ ಹೊತ್ತಿಗೆ. ನಾವು ಕೂರುವುದು ಆ ಬೆನ್ನಿನ ಮೇಲೆ. ಆದ್ದರಿಂದ ಸವಾರನನ್ನು ಹೊತ್ತು ಹಾರುವುದನ್ನು ನಾಲ್ಕು ವರ್ಷಕ್ಕೆ ಮೊದಲು ಶುರು ಮಾಡಬೇಡಿ. ಆಗಲೂ ಮೊಣಕಾಲೆತ್ತರದ ಕಂಬಗಳಷ್ಟೇ ಇರಲಿ.

ಶುರುವಿಗೆ ಮೊದಲು ಪಶುವೈದ್ಯರನ್ನು ಕರೆಸಿ ಬೆನ್ನು, ಕಾಲು, ಗೊರಸು, ಹಲ್ಲು ತೋರಿಸಿ. ಹಲ್ಲನ್ನು ಮರೆಯುವವರೇ ಹೆಚ್ಚು. ಕೆಲವು ಕುದುರೆಗಳಿಗೆ ದವಡೆ ಹಲ್ಲಿನ ಮುಂದೆ ತೋಳಹಲ್ಲು ಎನ್ನುವ ಚಿಕ್ಕ ಹಲ್ಲು ಇರುತ್ತದೆ. ಕಡಿವಾಣ ಅದಕ್ಕೆ ತಗುಲಿದರೆ ನೋವಿಗೆ ತಲೆ ಕೊಡವುತ್ತದೆ, ನಾವು ಅದನ್ನು ಮೊಂಡುತನ ಎಂದುಕೊಳ್ಳುತ್ತೇವೆ. ಧನುರ್ವಾಯು ಲಸಿಕೆ ಕುದುರೆಗೂ ಬೇಕು, ಲಾಯದಲ್ಲಿ ಕೆಲಸ ಮಾಡುವ ಮನುಷ್ಯರಿಗೂ ಬೇಕು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ 20 ಮೀರಬಾರದು. 450 ಕೆ.ಜಿ. ಕುದುರೆಗೆ ಅದು 90 ಕೆ.ಜಿ. ಆಯಿತು, ಎಳೆಯದಕ್ಕೆ ಇನ್ನೂ ಹಗುರ ಇದ್ದರೆ ಒಳ್ಳೆಯದು.

ಬೆಳಗಿನ ಐದೂವರೆ: ಬಾಕ್ಸಿನ ಬಾಗಿಲಲ್ಲೇ ಕೆಲಸ ಶುರು

ಬಾಕ್ಸ್ ಎಂದರೆ ಕುದುರೆ ನಿಲ್ಲುವ ಕೋಣೆ. ಅದರ ಒಳಗೆ ಹೋಗುವ ಮುಂಚೆ ಹೊರಗಿನಿಂದಲೇ ನೋಡಿ. ರಾತ್ರಿಯ ಹುಲ್ಲು ತಿಂದಿದೆಯೇ, ನೀರು ಇಳಿದಿದೆಯೇ, ಲದ್ದಿ ಎಷ್ಟು ಬಿದ್ದಿದೆ, ಗಟ್ಟಿಯೋ ತೆಳುವೋ. ಲದ್ದಿ ಇಲ್ಲ, ಮೇವು ಹಾಗೇ ಇದೆ, ಕುದುರೆ ಮತ್ತೆ ಮತ್ತೆ ಹೊಟ್ಟೆಯತ್ತ ತಿರುಗಿ ನೋಡುತ್ತಿದೆ ಎಂದರೆ ಹೊಟ್ಟೆಶೂಲೆ. ಅವತ್ತು ತರಬೇತಿ ಇಲ್ಲ, ತಕ್ಷಣ ವೈದ್ಯರಿಗೆ ಫೋನ್ ಮಾಡಿ. ವಿಶ್ರಾಂತಿಯಲ್ಲಿರುವ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ದವಡೆಯ ಅಡಿ ಬೆರಳಿಟ್ಟು ನಾಡಿ ಎಣಿಸುವುದನ್ನು ಕುದುರೆ ನೋಡಿಕೊಳ್ಳುವ ಸೈಸ್ ಅಣ್ಣಂದಿರಿಂದಲೋ ವೈದ್ಯರಿಂದಲೋ ಕಲಿತುಕೊಳ್ಳಿ.

ಆಮೇಲೆ ನಾಲ್ಕೂ ಕಾಲನ್ನು ಅಂಗೈಯಿಂದ ಸವರಿ, ಮುಖ್ಯವಾಗಿ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುಗಳನ್ನು. ಒಂದು ಕಾಲು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅವತ್ತು ಹಾರಿಸಬೇಡಿ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಬಿಟ್ಟು ಮುಂದೆ ಹೋದರೆ ಆರು ತಿಂಗಳು ಕುದುರೆ ನಿಂತಲ್ಲೇ ನಿಲ್ಲಬೇಕಾಗಬಹುದು.

ಹುರುಳಿ, ಓಟ್ಸ್, ಬೂಸಾದಂಥ ಧಾನ್ಯದ ಮೇವನ್ನು ಕೆಲಸಕ್ಕೆ ಕನಿಷ್ಠ ಎರಡು ಗಂಟೆ ಮೊದಲೇ ಮುಗಿಸಿರಬೇಕು, ಇಲ್ಲವೇ ಕೆಲಸ ಮುಗಿದು ಮೈ ತಣ್ಣಗಾದ ಮೇಲೆ ಕೊಡಬೇಕು. ಒಣಹುಲ್ಲು ಸ್ವಲ್ಪ ತಿಂದಿದ್ದರೆ ತೊಂದರೆಯಿಲ್ಲ, ಒಳ್ಳೆಯದೇ. ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತದೆ. ಆರಕ್ಕೆ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸಿ. ಮಳೆಗಾಲದಲ್ಲಿ ತೊಂದರೆ ಬೇರೆ: ನಮ್ಮ ಕೆಂಪು ಮಣ್ಣು ನೆನೆದರೆ ಸಾಬೂನಿನಷ್ಟು ಜಾರುತ್ತದೆ. ಮರಳು ಹಾಕಿದ, ನೀರು ಬಸಿಯುವ ಅಂಗಣ ಇಲ್ಲದಿದ್ದರೆ ಮಳೆಯ ಮರುದಿನ ಹಾರುವ ಪಾಠ ಬೇಡ.

ಮೈ ಉಜ್ಜುವುದೇ ಮೊದಲ ಪಾಠ

ಕುದುರೆಯ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಅದು ಹೆಚ್ಚುಕಡಿಮೆ ಸುತ್ತಲೂ ನೋಡಬಲ್ಲದು. ಕಾಣದ ಜಾಗ ಎರಡು: ಹಣೆಯ ನೇರ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು. ಆದ್ದರಿಂದ ಹತ್ತಿರ ಹೋಗುವುದು ಭುಜದ ಕಡೆಯಿಂದ, ಮಾತನಾಡಿಸುತ್ತಾ. ಬ್ರಷ್ ಹಿಡಿದ ಕೈ ಕುತ್ತಿಗೆ, ಬೆನ್ನು, ಹೊಟ್ಟೆಯ ಅಡಿ, ಮುಂದೆ ಗರ್ತ್ (ಜೀನು ಬಿಗಿಯುವ ಪಟ್ಟಿ) ಬರುವ ಜಾಗ, ಪಕ್ಕೆ, ತೊಡೆ ಎಲ್ಲವನ್ನೂ ಮುಟ್ಟಲಿ. ಎಲ್ಲಿ ಚರ್ಮ ಅದುರುತ್ತದೆ, ಎಲ್ಲಿ ಬಾಲ ಬೀಸುತ್ತದೆ, ಎಲ್ಲಿ ಕಿವಿ ಹಿಂದಕ್ಕೆ ಹೋಗುತ್ತದೆ ಎಂದು ಗಮನಿಸಿ. ಅಲ್ಲೇ ನಾಳೆ ಜೀನು ಕೂರುತ್ತದೆ, ಸವಾರನ ಕಾಲು ತಗಲುತ್ತದೆ. ಕುದುರೆ ಬಿಗಿಯಾದಾಗ ಕೈ ತೆಗೆಯದೆ ಅಲ್ಲೇ ಮೆತ್ತಗೆ ಇಟ್ಟಿರಿ. ಅದು ಉಸಿರು ಬಿಟ್ಟು ಸಡಿಲವಾದ ಕೂಡಲೇ ಕೈ ತೆಗೆಯಿರಿ. ಒತ್ತಡ ಯಾವಾಗ ಹಾಕುತ್ತೀರಿ ಎನ್ನುವುದಕ್ಕಿಂತ ಯಾವಾಗ ಬಿಡುತ್ತೀರಿ ಎನ್ನುವುದರಿಂದ ಕುದುರೆ ಕಲಿಯುತ್ತದೆ. ಮುಂದಿನ ಪ್ರತಿ ಹಂತದಲ್ಲೂ ಈ ಮಾತು ಕೆಲಸಕ್ಕೆ ಬರುತ್ತದೆ.

ಕಟ್ಟುವಾಗ ಗೂಟಕ್ಕೆ ನೇರ ಕಟ್ಟಬೇಡಿ. ಗೂಟದ ಬಳೆಗೆ ಗೋಣಿದಾರದ ಒಂದು ಕುಣಿಕೆ ಹಾಕಿ, ಹಗ್ಗವನ್ನು ಅದಕ್ಕೆ ಕಟ್ಟಿ. ಬೆದರಿ ಎಳೆದರೆ ದಾರ ಹರಿಯುತ್ತದೆ, ಕುದುರೆಯ ಕುತ್ತಿಗೆ ಉಳಿಯುತ್ತದೆ.

ಉದ್ದ ಹಗ್ಗದ ಸುತ್ತು

ಸುಮಾರು 8 ಮೀಟರ್ ಹಗ್ಗ, 15 ಮೀಟರಿಗೆ ಕಡಿಮೆಯಿಲ್ಲದ ವ್ಯಾಸದ ಸುತ್ತು. ಅದಕ್ಕಿಂತ ಚಿಕ್ಕ ಸುತ್ತಿನಲ್ಲಿ ತಿರುಗಿಸಿದರೆ ಎಳೆ ಕೀಲುಗಳಿಗೆ ಪೆಟ್ಟು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ, ಒಟ್ಟು 15ರಿಂದ 20 ನಿಮಿಷ. ಕೈಗವಸು ಇರಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಿಕೆ ಮಡಿಕೆಯಾಗಿ ಹಿಡಿಯಿರಿ. ಕುದುರೆ ಕಿತ್ತು ಓಡಿದರೆ ಸುತ್ತಿದ ಹಗ್ಗ ಬೆರಳನ್ನೇ ಕೊಂಡೊಯ್ಯುತ್ತದೆ.

ಇಲ್ಲಿ ಕುದುರೆ ಕಲಿಯುವುದು ಮಾತನ್ನು. ನಮ್ಮ ಲಾಯಗಳಲ್ಲಿ ಸೈಸ್ ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಹಿಂದಿಯಲ್ಲಿ, ಮಗದೊಬ್ಬರು ತೆಲುಗಿನಲ್ಲಿ ಮಾತಾಡಿಸುತ್ತಾರೆ. ತರಬೇತುದಾರರದು ಇಂಗ್ಲಿಷ್. ಯಾವ ಭಾಷೆಯಾದರೂ ಸರಿ, ನಡೆಯಲು ಒಂದು ಮಾತು, ಟ್ರಾಟ್ ಎಂಬ ಮೆಲ್ಲನೆಯ ಓಟಕ್ಕೆ ಒಂದು, ನಿಲ್ಲಲು ಒಂದು. ಅದನ್ನು ಬಾಕ್ಸಿನ ಬಾಗಿಲಿನ ಹಲಗೆಯಲ್ಲಿ ಬರೆದಿಟ್ಟು, ಎಲ್ಲರೂ ಅದನ್ನೇ, ಅದೇ ರಾಗದಲ್ಲಿ ಹೇಳಬೇಕು. ನಿಲ್ಲಿಸುವ ಮಾತು ಉದ್ದವಾಗಿ, ಇಳಿದನಿಯಲ್ಲಿ ಇರಲಿ. ಒಂದು ಕಿವಿ ನಿಮ್ಮತ್ತ ತಿರುಗಿದೆ, ಕುತ್ತಿಗೆ ಇಳಿದಿದೆ, ಬಾಯಿ ಮೆಲುಕು ಹಾಕುವಂತೆ ಆಡುತ್ತಿದೆ, ಮೂಗಿನಿಂದ ಗಾಳಿ ಭುಸ್ಸೆಂದು ಬಿಟ್ಟಿತು ಎಂದರೆ ಕುದುರೆ ಕೇಳುತ್ತಿದೆ. ತಲೆ ಮೇಲೆತ್ತಿ ಕಣ್ಣಿನ ಬಿಳಿ ತೋರಿಸುತ್ತಾ ಓಡುತ್ತಿದ್ದರೆ ಅದು ವ್ಯಾಯಾಮವೂ ಅಲ್ಲ, ಪಾಠವೂ ಅಲ್ಲ, ಭಯ.

ಜೀನು, ಆಮೇಲೆ ಸವಾರ

ಮೊದಲು ಬರೀ ಬಟ್ಟೆ, ಅದು ಒಗ್ಗಿದ ಮೇಲೆ ಎದೆಯ ಸುತ್ತ ಅಗಲ ಪಟ್ಟಿ, ಕೊನೆಗೆ ಜೀನು. ಗರ್ತ್ ಅನ್ನು ಒಂದೇ ಸಲ ಬಿಗಿಯಬೇಡಿ. ಒಂದು ತೂತು ಬಿಗಿದು ನಾಲ್ಕು ಹೆಜ್ಜೆ ನಡೆಸಿ, ಮತ್ತೊಂದು ತೂತು, ಮತ್ತೆ ನಾಲ್ಕು ಹೆಜ್ಜೆ. ಎದೆಯ ಸುತ್ತ ಬಿಗಿತ ಎಂದರೆ ಬೇಟೆಯಾಡುವ ಪ್ರಾಣಿ ಮೈಮೇಲೆ ಬಿದ್ದಂತೆ ಎನ್ನುವುದು ಅದರ ರಕ್ತದಲ್ಲೇ ಇದೆ. ಮೊದಲ ಸಲ ಕುಪ್ಪಳಿಸಿದರೆ ಬೈಯದೆ ಮುಂದಕ್ಕೆ ನಡೆಸುತ್ತಿರಿ. ಜೀನು ಒಗ್ಗಿದ ಮೇಲೆ ಸ್ಟಿರಪ್‌ಗಳನ್ನು (ಸವಾರ ಕಾಲಿಡುವ ಬಳೆಗಳನ್ನು) ಇಳಿಬಿಟ್ಟು ಸುತ್ತಿಸಿ. ಅವು ಪಕ್ಕೆಗೆ ತಟ್ಟುತ್ತಾ ಹೋದರೆ ಸವಾರನ ಕಾಲಿನ ಪರಿಚಯ ಮೊದಲೇ ಆದಂತೆ.

ಸವಾರ ಹತ್ತುವ ಹಂತಕ್ಕೆ ಮೂರು ಜನ ಬೇಕು: ತಲೆಯ ಬಳಿ ಕುದುರೆಗೆ ಪರಿಚಿತರೊಬ್ಬರು, ಸವಾರನ ಕಾಲಿಗೆ ಆಸರೆ ಕೊಡುವವರೊಬ್ಬರು, ಮತ್ತು ಸವಾರ. ಹೆಲ್ಮೆಟ್, ಎದೆಗವಚ, ಹಿಮ್ಮಡಿ ಇರುವ ಬೂಟು ಇಲ್ಲದೆ ಯಾರೂ ಹತ್ತಬಾರದು. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಾಯಿಸಿ. ಕುದುರೆಯ ಕುತ್ತಿಗೆಗೆ ಒಂದು ಪಟ್ಟಿ ಹಾಕಿ. ಗಾಬರಿಯಲ್ಲಿ ಸವಾರ ಹಿಡಿಯಬೇಕಾದದ್ದು ಅದನ್ನು, ಲಗಾಮನ್ನಲ್ಲ.

ಇಲ್ಲಿ ನಿಧಾನವೇ ಎಲ್ಲ. ನಮ್ಮಲ್ಲಿ ಬೆಳ್ಳಿ ಎಂದು ಕರೆಯುವ ಹೆಣ್ಣುಕುದುರೆಯೊಂದಿತ್ತು, ಆಗ ನಾಲ್ಕು ವರ್ಷ. ಹತ್ತುವ ಕಟ್ಟೆಯ ಮೇಲೆ ಸವಾರ ನಿಂತಾಗ ಮನುಷ್ಯ ತನ್ನ ತಲೆಗಿಂತ ಎತ್ತರದಲ್ಲಿ ಕಂಡದ್ದೇ ಅದಕ್ಕೆ ಹೊಸತು. ಮೂಗಿನ ಹೊಳ್ಳೆ ಅರಳಿತು, ಎಡಕಿವಿ ಸವಾರನ ಕಡೆ, ಬಲಕಿವಿ ಸೈಸ್ ಕಡೆ. ನಾವು ಏನೂ ಮಾಡಲಿಲ್ಲ. ಸವಾರ ಸುಮ್ಮನೆ ನಿಂತು ಬೆನ್ನು ತಟ್ಟುತ್ತಾ ಇದ್ದ. ಕುತ್ತಿಗೆ ಇಳಿದ ಮೇಲೆ ಕೈಯಿಂದ ಜೀನಿನ ಮೇಲೆ ಭಾರ ಹಾಕಿದ, ತೆಗೆದ. ಹಾಕಿದ, ತೆಗೆದ. ಆಮೇಲೆ ಹೊಟ್ಟೆ ಅಡ್ಡ ಹಾಕಿ ಜೋತುಬಿದ್ದ, ಐದು ಎಣಿಸುವಷ್ಟರಲ್ಲಿ ಇಳಿದ. ಭುಜದ ಸ್ನಾಯು ಕಲ್ಲಾಗಿದ್ದದ್ದು ಮೂರನೆಯ ಸಲಕ್ಕೆ ಮೆತ್ತಗಾಯಿತು. ಬೆಳ್ಳಿ ತಲೆ ತಿರುಗಿಸಿ ಸವಾರನ ಬೂಟು ಮೂಸಿತು. ಅವತ್ತಿಗೆ ಅಷ್ಟೇ. ಕಾಲು ದಾಟಿಸಿ ಕೂತದ್ದು ಅನಂತರದ ದಿನಗಳಲ್ಲಿ.

ಈ ಜೋತುಬೀಳುವುದನ್ನು ಎಡಬಲ ಎರಡೂ ಕಡೆಯಿಂದ ಮಾಡಿ. ಎಡಗಣ್ಣಿನಿಂದ ನೋಡಿ ಒಪ್ಪಿಕೊಂಡದ್ದನ್ನು ಬಲಗಣ್ಣಿನಿಂದ ಕಂಡು ಬೆದರುವ ಕುದುರೆಗಳಿವೆ. ಕಾಲು ದಾಟಿಸುವಾಗ ಬೂಟು ಹಿಂಬದಿಗೆ ತಾಗಬಾರದು, ಧೊಪ್ಪನೆ ಕೂರಬಾರದು. ಕೂತ ಮೇಲೆ ಉಸಿರು ಕಟ್ಟಬೇಡಿ, ನೀವು ಬಿಗಿಯಾದದ್ದು ಜೀನಿನ ಮೂಲಕ ಅದಕ್ಕೆ ಗೊತ್ತಾಗುತ್ತದೆ. ತಲೆ ಎರಡೂ ಕಡೆ ತಿರುಗಿಸಿ ಸವಾರನನ್ನು ನೋಡಲು ಬಿಡಿ, ಒಂದು ಕ್ಯಾರೆಟ್ ಕೊಡಿ, ಇಳಿಯಿರಿ. ಮೊದಲ ಸವಾರಿ ಐದು ನಿಮಿಷ ದಾಟಬಾರದು. ಅಲ್ಲಿಂದ ಮುಂದೆ ಸವಾರ ಕೆಲಕಾಲ ಬರೀ ಪ್ರಯಾಣಿಕ. ಉದ್ದ ಹಗ್ಗ ಹಿಡಿದವರು ಮಾತು ಹೇಳುತ್ತಾರೆ, ಕುದುರೆ ನಡೆಯುತ್ತದೆ. ನಂತರ ಮಾತಿನ ಜೊತೆಗೆ ಸವಾರನ ಕಾಲಿನ ಮೆಲ್ಲನೆಯ ಒತ್ತು ಸೇರುತ್ತದೆ. ಕೊನೆಗೆ ಮಾತು ಹಿಂದೆ ಸರಿದು ಕಾಲಿನ ಒತ್ತು ಉಳಿಯುತ್ತದೆ.

ರೇಸಿನಿಂದ ಬಂದ ಕುದುರೆಯಾದರೆ

ಬೆಂಗಳೂರಿನಲ್ಲಿ ಸವಾರಿ ಕಲಿಸುವ ಕುದುರೆಗಳಲ್ಲಿ ಎಷ್ಟೋ ರೇಸ್ ಮುಗಿಸಿ ಬಂದ, ಥರೋಬ್ರೆಡ್ ಎಂಬ ಓಟದ ತಳಿಯವು. ಇವುಗಳ ಬೆನ್ನಿಗೆ ಸವಾರ ಹೊಸಬನಲ್ಲ, ಹಾಗಾಗಿ ಹೊಸಬರು ಅರ್ಧ ಕೆಲಸ ಮುಗಿದಿದೆ ಎಂದುಕೊಳ್ಳುತ್ತಾರೆ. ಅದು ತಪ್ಪು. ಜಾಕಿ ಕೂರುವುದು ಮೇಲೆತ್ತಿ ಕಟ್ಟಿದ ಸ್ಟಿರಪ್‌ನಲ್ಲಿ, ಬೆನ್ನಿಗೆ ಭಾರ ಬಿಡದೆ. ಉದ್ದ ಕಾಲು ಪಕ್ಕೆಗೆ ತಗುಲಿದರೆ ಇವು ಹಾರಿಬೀಳುತ್ತವೆ. ಕುದುರೆ ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಕೂರಿಸುವ ರೂಢಿಯಿಂದ, ಕಟ್ಟೆಯ ಪಕ್ಕ ನಿಲ್ಲುವುದು ಇವಕ್ಕೆ ಗೊತ್ತಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಲಗಾಮು ಬಿಗಿದಷ್ಟೂ ಅದಕ್ಕೆ ಒರಗಿ ಓಡುವುದು ಇವುಗಳ ಅಭ್ಯಾಸ. ಹೆದರಿದ ಸವಾರ ಜಗ್ಗುತ್ತಾನೆ, ಕುದುರೆ ಇನ್ನೂ ಜೋರಾಗುತ್ತದೆ. ಇಲ್ಲಿ ಉಪಾಯ ಒಂದೇ: ನೇರ ಜಗ್ಗದೆ ದೊಡ್ಡ ಸುತ್ತಿಗೆ ತಿರುಗಿಸಿ, ಲಗಾಮು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿ. ಬಂದ ಮೇಲೆ ಮೊದಲ ಕೆಲವು ತಿಂಗಳು ಮೇಯಲು, ಬಯಲಲ್ಲಿ ಅಡ್ಡಾಡಲು ಬಿಡಿ. ಬಳಿಕ ಏನೂ ಗೊತ್ತಿಲ್ಲದ ಕುದುರೆ ಎಂದುಕೊಂಡು ಉದ್ದ ಹಗ್ಗದಿಂದ ಶುರು ಮಾಡಿ.

ಈಗ ಕಂಬ

ನಮ್ಮ ಕಡೆ ಸರ್ವೆ ಮರದ ಗಳು ಸುಲಭವಾಗಿ ಸಿಗುತ್ತದೆ. ಮೂರರಿಂದ ಮೂರೂವರೆ ಮೀಟರ್ ಉದ್ದ, ಹಿಡಿಗಿಂತ ದಪ್ಪ, ಗಂಟು ಕೆತ್ತಿ ನುಣುಪು ಮಾಡಿದ್ದು ಬೇಕು. ಮೊಳೆ ಇರಬಾರದು. ಕಂಬ ಎಲ್ಲಿಯೂ ಕಟ್ಟಿರಬಾರದು, ಕಾಲು ತಾಗಿದರೆ ಉರುಳಿ ಬೀಳಬೇಕು. ಬಣ್ಣ ಬಳಿಯುವಾಗ ಕುದುರೆಯ ಕಣ್ಣನ್ನು ನೆನಪಿಡಿ. ಅದಕ್ಕೆ ನೀಲಿ, ಹಳದಿ ಚೆನ್ನಾಗಿ ಬೇರೆಯಾಗಿ ಕಾಣುತ್ತವೆ, ಕೆಂಪು ಮತ್ತು ಹಸಿರು ಒಂದರಲ್ಲೊಂದು ಕಲೆಯುತ್ತವೆ. ಬ್ರಿಟನ್ನಿನ ರೇಸ್ ಮೈದಾನಗಳಲ್ಲಿ ಬೇಲಿಗಳ ಕಿತ್ತಳೆ ಬಣ್ಣವನ್ನು ಬಿಳಿಗೆ ಬದಲಾಯಿಸಿದ್ದೂ ಈ ಕಾರಣಕ್ಕೇ. ಹುಲ್ಲಿನ ಮೇಲೂ ಕೆಮ್ಮಣ್ಣಿನ ಮೇಲೂ ಬಿಳಿ, ಹಳದಿ ಪಟ್ಟೆ ಒಳ್ಳೆಯದು.

ಮೊದಲು ನೆಲದ ಮೇಲೆ ಒಂದೇ ಕಂಬ, ನಡಿಗೆಯಲ್ಲಿ. ಮೂಸಲಿ, ಕಾಲಿನಿಂದ ತಟ್ಟಲಿ, ದಾಟಲಿ. ನಂತರ ಮೂರೋ ನಾಲ್ಕೋ ಸಾಲಾಗಿ, ಎರಡು ಮಾತ್ರ ಎಂದೂ ಬೇಡ. ಎರಡನ್ನು ಒಂದೇ ಅಗಲದ ಅಡ್ಡಿ ಎಂದು ತಿಳಿದು ಒಟ್ಟಿಗೇ ಹಾರಲು ಹೋಗುತ್ತವೆ. ನಡಿಗೆಗೆ ಕಂಬಗಳ ಅಂತರ 80ರಿಂದ 90 ಸೆಂ.ಮೀ., ಟ್ರಾಟ್‌ಗೆ ಸುಮಾರು 1.3 ಮೀಟರ್, ಕ್ಯಾಂಟರ್ ಎಂಬ ಇನ್ನೂ ಜೋರಿನ ಓಟಕ್ಕೆ ಸುಮಾರು 3 ಮೀಟರ್. ಇದು ದೊಡ್ಡ ಥರೋಬ್ರೆಡ್ ಲೆಕ್ಕ. ಮಾರ್ವಾಡಿ, ಕಾಠಿಯಾವಾಡಿ ತಳಿಗಳಿಗೆ, ಗಿಡ್ಡ ಕುದುರೆಗಳಿಗೆ ಸ್ವಲ್ಪ ಕಡಿಮೆ ಮಾಡಿ. ಅಳತೆ ಸರಿಯಿದ್ದರೆ ಗೊರಸು ಎರಡು ಕಂಬಗಳ ನಡುಮಧ್ಯೆ ಬೀಳುತ್ತದೆ, ಮರಳಿನಲ್ಲಿ ಗುರುತು ನೋಡಿದರೆ ಗೊತ್ತಾಗುತ್ತದೆ.

ಈ ಸಾಲನ್ನು ತಾಳ ತಪ್ಪದೆ ಟ್ರಾಟ್‌ನಲ್ಲಿ ದಾಟುವ ಕುದುರೆಗೆ ಮಾತ್ರ ಮೊದಲ ಅಡ್ಡಗಂಬ. ಎರಡು ಕಂಬಗಳನ್ನು ಕತ್ತರಿಯಾಕಾರದಲ್ಲಿ ಇಡಿ, ನಡುವೆ 30ರಿಂದ 40 ಸೆಂ.ಮೀ. ಎತ್ತರ ಸಾಕು. ಕತ್ತರಿ ಕುದುರೆಯನ್ನು ತಾನೇ ನಡುವಿಗೆ ಕರೆದೊಯ್ಯುತ್ತದೆ. ಅದಕ್ಕೆ ಸುಮಾರು 2.5 ಮೀಟರ್ ಮೊದಲು ನೆಲದ ಮೇಲೊಂದು ಕಂಬ ಇಟ್ಟರೆ ಎಲ್ಲಿಂದ ಏಳಬೇಕು ಎನ್ನುವ ಲೆಕ್ಕ ಕುದುರೆಗೆ ಸುಲಭ. ಮೊದಲಿಗೆ ಸವಾರನಿಲ್ಲದೆ, ಬೇಲಿಯ ಪಕ್ಕದ ಓಣಿಯಂಥ ದಾರಿಯಲ್ಲಿ ಬಿಟ್ಟು ಹಾರಿಸಿ. ತನ್ನ ಮೈಯನ್ನು ಹೇಗೆ ಎತ್ತಬೇಕು ಎಂದು ಅದು ಯಾರ ತೊಂದರೆಯೂ ಇಲ್ಲದೆ ಕಂಡುಕೊಳ್ಳುತ್ತದೆ.

ಸವಾರ ಕೂತ ಮೇಲೆ ಒಂದು ಮಾತು ಬಿಡದೆ ಪಾಲಿಸಿ: ಜೂಲು ಹಿಡಿಯಿರಿ. ಕಂಬದ ತೀರಾ ಹತ್ತಿರ ಬಂದಾಗ ಅದು ಕುದುರೆಯ ಹಣೆಯ ಮುಂದಿನ ಕುರುಡು ಜಾಗಕ್ಕೆ ಸೇರುತ್ತದೆ. ಕೊನೆಯ ಹೆಜ್ಜೆಯನ್ನು ಅದು ನೆನಪಿನ ಮೇಲೆ ಇಡುತ್ತದೆ, ಕುತ್ತಿಗೆ ಚಾಚಿ ತೂಕ ಸರಿದೂಗಿಸಿಕೊಳ್ಳುತ್ತದೆ. ಆಗ ಲಗಾಮು ಜಗ್ಗಿದರೆ ಹಾರಿದ್ದಕ್ಕೆ ಬಾಯಿಗೆ ಶಿಕ್ಷೆ ಕೊಟ್ಟ ಹಾಗೆ. ಹಿಂದೆ ಸವಾರರು ಹಾರುವಾಗ ಹಿಂದಕ್ಕೆ ವಾಲಿ ಕೂರುತ್ತಿದ್ದರು. ಇಟಲಿಯ ಸೇನಾಧಿಕಾರಿ ಫೆಡೆರಿಕೋ ಕಾಪ್ರಿಲ್ಲಿ (1868–1907) ಕುದುರೆ ತಾನಾಗಿ ಹೇಗೆ ಹಾರುತ್ತದೆ ಎಂದು ಗಮನಿಸಿ, ಸವಾರನೇ ಮುಂದಕ್ಕೆ ಬಾಗಿ ಅದರ ಬೆನ್ನನ್ನೂ ಬಾಯನ್ನೂ ಬಿಟ್ಟುಕೊಡಬೇಕು ಎಂದು ತೋರಿಸಿದ. ಇವತ್ತು ಜಗತ್ತೆಲ್ಲ ಹಾರುವುದು ಹಾಗೆಯೇ. ಕಣ್ಣು ಕಂಬದ ಮೇಲಲ್ಲ, ಅದರಾಚೆಯ ಯಾವುದೋ ಮರದ ಮೇಲಿರಲಿ.

ನಿಂತುಬಿಟ್ಟರೆ? ತಿರುಗಿ ಓಡಲು ಬಿಡಬೇಡಿ, ಹೊಡೆಯಲೂಬೇಡಿ. ಕಂಬದ ಎದುರೇ ನಿಲ್ಲಿಸಿ ನೋಡಲು ಬಿಡಿ, ಕಂಬವನ್ನು ಕೆಳಗಿಳಿಸಿ, ನಡಿಗೆಯಲ್ಲೇ ದಾಟಿಸಿ, ಬೆನ್ನು ತಟ್ಟಿ. ಮತ್ತೆ ಮತ್ತೆ ನಿಂತರೆ ಬೆನ್ನು, ಗೊರಸು, ಜೀನಿನ ಅಳತೆ, ಕಂಬದ ಅಂತರ, ಸವಾರನ ಕೈ, ಇಷ್ಟನ್ನೂ ನೋಡಿದ ಮೇಲೆ ಕುದುರೆಯ ಸ್ವಭಾವದ ಮಾತು. ನುಗ್ಗಿ ಓಡುವ ಕುದುರೆಗೆ ಕಂಬದ ಮುಂದೆ ಸುತ್ತು ಹಾಕಿಸಿ, ಕಂಬದಾಚೆ ನೆಲದಲ್ಲಿ ಇನ್ನೊಂದು ಇಡಿ. ಹಾರುವಾಗ ಕಂಬ ಎತ್ತಿ ಕಾಲಿಗೆ ಬಡಿಸಿದರೆ ಕಾಲು ಮೇಲೆತ್ತುತ್ತದೆ ಎನ್ನುವವರು ಈಗಲೂ ಇದ್ದಾರೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಅದನ್ನು ನಿಷೇಧಿಸಿದೆ. ನಿಷೇಧ ಇರದಿದ್ದರೂ ನನ್ನ ಕಣ್ಣೆದುರು ಅದು ನಡೆಯಲು ನಾನು ಬಿಡುವುದಿಲ್ಲ. ನಂಬಿ ಬಂದ ಪ್ರಾಣಿಗೆ ಮಾಡುವ ಮೋಸ ಅದು.

ಎಳೆಯದಕ್ಕೆ ವಾರಕ್ಕೆ ಎರಡು ದಿನ, ದಿನಕ್ಕೆ ಹತ್ತು ಹದಿನೈದು ಹಾರಿಕೆ ಹೆಚ್ಚೆಂದರೆ. ಇಳಿಯುವಾಗ ಮೊದಲು ಒಂದೇ ಮುಂಗಾಲು ನೆಲ ಮುಟ್ಟುತ್ತದೆ, ಇಡೀ ಭಾರ ಆ ಕ್ಷಣ ಅದರ ಮೇಲೆ. ಚೆನ್ನಾಗಿ ಹಾರಿತು ಎನಿಸಿದ ಕೂಡಲೇ ನಿಲ್ಲಿಸಿ ಇಳಿಯಿರಿ. "ಇನ್ನೊಂದೇ ಒಂದು ಸಲ" ಎನ್ನುವಲ್ಲಿಯೇ ಎಷ್ಟೋ ಕುದುರೆಗಳು ಕೆಟ್ಟಿವೆ.

ಊರಿನ ಸದ್ದು

ತಮಟೆ, ಪಟಾಕಿ, ಬೀದಿನಾಯಿ, ಗಾಳಿಗೆ ಪಟಪಟಿಸುವ ಫ್ಲೆಕ್ಸ್, ಉತ್ತರ ಭಾಗದಲ್ಲಾದರೆ ತಲೆಯ ಮೇಲೆ ವಿಮಾನ. ಇವಕ್ಕೂ ಕುದುರೆಯನ್ನು ಒಗ್ಗಿಸಬೇಕು. ಫ್ಲೆಕ್ಸ್ ತುಂಡೊಂದನ್ನು ದೂರದಲ್ಲಿ ಹಿಡಿದು, ಕುದುರೆ ಶಾಂತವಾದಾಗ ಹಿಂದೆ ಸರಿದು, ದಿನದಿಂದ ದಿನಕ್ಕೆ ಹತ್ತಿರ ತನ್ನಿ. ಗಣೇಶ ಮೆರವಣಿಗೆ, ದೀಪಾವಳಿಯ ದಿನಗಳಲ್ಲಿ ಹೊಸ ಪಾಠ ಬೇಡ.

ಕೆಲಸ ಮುಗಿದ ಮೇಲೆ

ಗರ್ತ್ ಒಂದೆರಡು ತೂತು ಸಡಿಲಿಸಿ, ಹತ್ತು ಹದಿನೈದು ನಿಮಿಷ ನಡೆಸಿ. ಬಿಸಿ ಮೈಯ ಕುದುರೆಗೆ ನೀರು ಕೊಟ್ಟರೆ ಹೊಟ್ಟೆನೋವು ಬರುತ್ತದೆ ಎನ್ನುವ ಹಳೆಯ ನಂಬಿಕೆ ಇನ್ನೂ ಲಾಯಗಳಲ್ಲಿದೆ. ಹಾಗೇನಿಲ್ಲ, ಕುಡಿಯಲು ಬಿಡಿ, ತಡೆಹಿಡಿದರೇ ಕಷ್ಟ. ಕಾಲುಗಳಿಗೆ ಪೈಪಿನ ನೀರು ಹಾಯಿಸಿ, ಮೈಗೆ ಸುರಿದ ನೀರನ್ನು ತೆಗೆದುಬಿಡಿ. ಉಸಿರು ಮಾಮೂಲಿಗೆ ಬಂದ ಮೇಲೆ ಹುಲ್ಲು, ಕುದುರೆ ಮೆಂತ್ಯದ ಸೊಪ್ಪು. ಧಾನ್ಯ ಒಂದು ಗಂಟೆ ಬಿಟ್ಟು. ಬೇಸಿಗೆಯಲ್ಲಿ ಉಪ್ಪಿನ ಗಡ್ಡೆ ಬಾಕ್ಸಿನಲ್ಲಿ ಇರಲೇಬೇಕು.

ಒಂದು ನೋಟ್‌ಬುಕ್ ಇಟ್ಟು ಎಷ್ಟು ನಿಮಿಷ, ಯಾವ ಕಡೆ ಬಿಗಿ, ಯಾವ ಕಂಬಕ್ಕೆ ಹಿಂಜರಿಕೆ ಎಂದು ಬರೆಯಿರಿ. ಸೈಸ್ ಅಣ್ಣನನ್ನೂ ಕೇಳಿ ಬರೆಯಿರಿ, ದಿನವಿಡೀ ಕುದುರೆಯ ಜೊತೆ ಇರುವವರು ಅವರು. ಸಂಜೆ ಕಾಲುಗಳನ್ನು ಮತ್ತೆ ಸವರಿ ನೋಡಿ. ತಣ್ಣಗಿದ್ದರೆ ಮರುದಿನ ಕಂಬ ಮುಟ್ಟದೆ ಹೊರಗಿನ ಮಣ್ಣುದಾರಿಯಲ್ಲಿ ಅರ್ಧ ಗಂಟೆ ನಡಿಗೆ. ಬಿಸಿ ಇದ್ದರೆ ತಣ್ಣೀರು, ವಿಶ್ರಾಂತಿ, ಮತ್ತು ಬೆಳಗ್ಗೆ ಕುಂಟುತ್ತಿದೆಯೇ ಎಂದು ಗಟ್ಟಿ ನೆಲದ ಮೇಲೆ ಟ್ರಾಟ್ ಮಾಡಿಸಿ ನೋಡುವುದು. ನೆಟ್ಟಗೆ ಓಡಿದರೂ ಬಿಸಿ ಪೂರ್ತಿ ಇಳಿಯುವವರೆಗೆ ಕಂಬದ ಕಡೆ ಹೋಗಬೇಡಿ. ಕುಂಟಿದರೆ ವೈದ್ಯರು ಬರುವವರೆಗೆ ಬಾಕ್ಸಿನಲ್ಲೇ ಇರಲಿ.